ಔಡಲೆಣ್ಣೆ ಕುಡಿದ ಬ್ರೇಕು

ನಾನು ಶಾಲೆಗೆ ಕೊನೆಯ ನಮಸ್ಕಾರ ಹೇಳಿದ್ದು ೧೯೮೪ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ನಮ್ಮ ಓಣಿಯಲ್ಲಿ ಕೆಲವರು ಹೇಳುತ್ತಾರೆ. ಶುದ್ಧ ಸುಳ್ಳು. ನಾನೇ ಬಿಟ್ಟೆ! ಆಗ ಸುಗ್ಗಿ ಬಂದಿತ್ತು, ಅಪ್ಪನ ಎತ್ತಿನ ಚಕ್ಕಡಿಗೆ ಒಬ್ಬ ಜೊತೆಗಾರ ಬೇಕಾಗಿದ್ದ, ನನಗೆ ಬೀಜಗಣಿತ ಬೇಡವಾಗಿತ್ತು. ಸರ್ವರ ಹಿತವನ್ನೂ ಗಮನದಲ್ಲಿಟ್ಟುಕೊಂಡು ಸದರಿ ನಿರ್ಣಯವನ್ನು ಕೈಗೊಂಡೆ.

ಅಂದಿನಿಂದ ಯಾವ ಕೆಲಸಕ್ಕೂ ನಾನು ಇನ್ನೊಬ್ಬರ ಬಾಗಿಲಿಗೆ ಹೋದವನಲ್ಲ. ಹಿರೇಬೆಂಡಿಗೇರಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಮೋಟರು ಕೆಟ್ಟರೆ ನಾನೇ ಬಿಚ್ಚುತ್ತೇನೆ. ಬೀಸುವ ಕಲ್ಲು ಸವೆದರೆ ನಾನೇ ಉಳಿ, ಸುತ್ತಿಗೆ ಹಿಡಿದು ಕೂರುತ್ತೇನೆ. ಹೊಲದ ಪಂಪ್‌ಸೆಟ್ಟು, ಮನೆಯ ಫ್ಯಾನು, ಓಣಿಯ ಮಿಕ್ಸರು, ಎಲ್ಲವೂ ನನ್ನ ಕೈಯಲ್ಲಿ ಒಮ್ಮೆಯಾದರೂ ಪ್ರಾಣ ಬಿಟ್ಟು ಮರಳಿ ಪಡೆದಿವೆ. ಕೆಲವು ಮರಳಿ ಪಡೆದಿಲ್ಲ. ಅವುಗಳ ಆಯುಷ್ಯ ಅಷ್ಟೇ ಇತ್ತು.

ಇಂಥವನ ಬೈಕಿಗೆ ಮೆಕ್ಯಾನಿಕ್ ಯಾಕೆ ಬೇಕು?

ಆ ಬೈಕನ್ನು ನಾನು ಕೊಂಡದ್ದು ಮದುವೆಯಾದ ಮೂರನೇ ವರ್ಷ, ಹಿರೇಕೆರೂರಿನ ಒಬ್ಬ ಮಾಸ್ತರರಿಂದ. ಆಗಲೇ ಅದು ಹಳೆಯದು. ಮಾಸ್ತರರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಅದರ ಪೆಟ್ರೋಲ್ ಟಾಕಿಯ ಮೇಲೆ ಕೈಯಾಡಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಿನ ದನಿಯಲ್ಲಿ ಹೇಳಿದರು:

"ನೋಡು ತಮ್ಮಾ, ಹಿಂದಿನ ಬ್ರೇಕ್ ಕಾಲಾಗ ಐತಿ, ಅದನ್ನ ಎಷ್ಟರ ಒತ್ತು. ಮುಂದಿನ ಬ್ರೇಕ್ ಮಾತ್ರ ಮುಟ್ಟಬ್ಯಾಡ. ಮುಟ್ಟಿದ್ಯೋ, ಗಾಡಿ ಅಲ್ಲೇ ನಿಲ್ತೈತಿ, ನೀ ಮುಂದ ಹಾರಿ ಬೀಳ್ತಿ!"

ಮಾಸ್ತರರ ಮಾತು! ನಾನು ತಲೆಬಾಗಿ ಸ್ವೀಕರಿಸಿದೆ. ಎಂದಾದರೂ ಮರೆತು ಹಿಡಿದುಬಿಟ್ಟೇನು ಎಂಬ ಮುಂಜಾಗ್ರತೆಯಿಂದ, ಊರಿಗೆ ಬಂದ ದಿನವೇ ಅದರ ಕೇಬಲ್ಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಆಮೇಲೆ ಹ್ಯಾಂಡಲಿನ ಮೇಲಿನ ಆ ಬ್ರೇಕ್ ಹಿಡಿಕೆ ನಮ್ಮ ಮನೆಯ ಒಂದು ಗೂಟವಾಯಿತು. ಸವಣೂರಿನ ಖಾರದ ಪೊಟ್ಟಣ, ಕೂಸಿನ ಹಾಲಿನ ಬಾಟಲಿ, ಸಂತೆಯ ಬದನೆಕಾಯಿ, ನೀಲವ್ವನ ಚಪ್ಪಲಿ ಹರಿದರೆ ಆ ಚಪ್ಪಲಿ, ಇಪ್ಪತ್ತೈದು ವರ್ಷ ಏನೇನು ತೂಗಿದ್ದೇವೋ ಅದಕ್ಕೆ!

ನೀಲವ್ವ ಎಂದರೆ ನನ್ನ ಹೆಂಡತಿ. ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ತುಂಬಿದ ಮನೆ. ಆಗ ಹದಿನಾಲ್ಕು ಜನ, ಮೂರು ಖೋಲಿ. ಗಂಡ ಹೆಂಡತಿ ಆಡಿದ ಮಾತು ಬೆಕ್ಕಿಗೂ ಕೇಳುತ್ತಿತ್ತು. "ತಲಿ ನೋಯಾಕತ್ತೈತಿ" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದರೆ, ಪಡಸಾಲೆಯಿಂದ ನಮ್ಮ ಅವ್ವ "ಶುಂಠಿ ಅರದು ಹಚ್ಚು" ಎಂದು ಕೂಗುತ್ತಿದ್ದಳು! ಹಾಗಾಗಿ ಮನೆಯಲ್ಲಿ ನಾವಿಬ್ಬರೂ ಆಡುತ್ತಿದ್ದ ಮಾತೆಂದರೆ ಉಪ್ಪು, ಹಿಟ್ಟು, ಎಮ್ಮೆ, ಇಷ್ಟೇ.

ಉಳಿದದ್ದೆಲ್ಲ ಬೈಕಿನ ಮೇಲೆ. ಅದೇ ನಮ್ಮ ನಾಲ್ಕನೇ ಖೋಲಿ. ಊರ ಅಗಸಿಬಾಗಿಲು ದಾಟಿತೆಂದರೆ ಸಾಕು, ಹಿಂದಿನಿಂದ ಮಾತು ಶುರು. ಗಾಳಿಗೆ ಮಾತು ಹಾರಿಹೋಗಬಾರದೆಂದು ನಾನು ಮೂವತ್ತರ ಮೇಲೆ ಓಡಿಸುತ್ತಿರಲಿಲ್ಲ. ಮೈಲೇಜಿನ ಸಲುವಾಗಿ ಹಾಗೆ ಎಂದು ಊರವರು ತಿಳಿದಿದ್ದರು. ಮಗಳಿಗೆ ಹೆಸರು ಇಟ್ಟದ್ದು ಶಿಗ್ಗಾವಿ ಮತ್ತು ಸವಣೂರಿನ ನಡುವೆ. ಗಿರಣಿ ಹಾಕಬೇಕೆಂದು ನಿರ್ಧಾರವಾದದ್ದು ಹಾನಗಲ್ಲಿನ ದಾರಿಯಲ್ಲಿ, ಒಂದು ಹುಣಸೆಯ ಗಿಡದ ನೆರಳಲ್ಲಿ ಎರಡು ನಿಮಿಷ ನಿಂತು. ಮಗ ಸಣ್ಣವನಿದ್ದಾಗ ಒಂದು ವಾರ ಜ್ವರ ಬಿಡದೆ ನಾವು ದವಾಖಾನೆಗೆ ಹೋಗಿ ಬರುವಾಗ ಅವಳು ನನ್ನ ಬೆನ್ನಿಗೆ ಹಣೆ ಹಚ್ಚಿ ಅತ್ತದ್ದೂ ಅಲ್ಲೇ. ಮನೆಗೆ ಬಂದು ಅವಳು ಯಾರೆದುರೂ ಅಳಲಿಲ್ಲ.

ಜಗಳವೂ ಅಲ್ಲೇ ಆಗುತ್ತಿತ್ತು. ಒಂದು ಸಲ ಅವಳ ಅಣ್ಣನನ್ನು ನಾನು ಏನೋ ಅಂದೆ. ನಡುದಾರಿಯಲ್ಲಿ ಇಳಿದು ಅರ್ಧ ಮೈಲು ನಡೆದಳು. ನಾನು ಬೈಕು ಚಾಲೂ ಇಟ್ಟುಕೊಂಡೇ ಅವಳ ಪಕ್ಕದಲ್ಲಿ ಕಾಲು ಎಳೆಯುತ್ತ ಹೋದೆ. ಎದುರು ಬಂದ ಎತ್ತುಗಳೂ ನಮ್ಮನ್ನು ನೋಡಿ ದಾರಿ ಬಿಟ್ಟವು.

ಈಗ ಮನೆಯಲ್ಲಿ ಜನ ಕಡಿಮೆ, ಖೋಲಿ ಹೆಚ್ಚು. ಆದರೂ ನಮಗೆ ಮಾತು ಬರುವುದು ಬೈಕಿನ ಮೇಲೆಯೇ. ರೂಢಿ.

ಇಂಥ ಬೈಕು ಈ ವರ್ಷ ನವರಾತ್ರಿಯ ಹೊತ್ತಿಗೆ ಒದರಲು ಶುರು ಮಾಡಿತು. ಬ್ರೇಕು ಒತ್ತಿದರೆ ಹಿಂದಿನ ಗಾಲಿಯಿಂದ "ಕೀ...!" ಎಂದು ಒಂದು ಕೂಗು. ಓಣಿಯ ನಾಯಿಗಳು ಎದ್ದು ನಿಂತು ಜವಾಬು ಕೊಡುತ್ತಿದ್ದವು.

"ಏನ್ರಿ, ಮುಂದಿನ ವಾರ ಹಾನಗಲ್ಲಿಗೆ ಬಸರಾದ ತಂಗಿ ಮಗಳ ಕುಬಸಕ್ಕ ಹೋಗಬೇಕು" ಎಂದಳು ನೀಲವ್ವ. "ಗಾಡಿ ಹಿಂಗ ಒದರಾಕತ್ರ ನಾ ಹತ್ತಂಗಿಲ್ಲ. ಶಿಗ್ಗಾವಿಗೆ ಒಯ್ದು ತೋರಸ್ರಿ."

"ಯಾರಿಗೆ ತೋರಸೂದು? ನಾ ಇಲ್ಲೇನು?"

"ನೀವು ಅದೀರಿ ಅಂತನ ನನಗ ಹೆದರಿಕಿ."

"ಗಿರಣಿ ಮಾಡಿದವಗ ಒಂದು ಗಾಲಿ ದೊಡ್ಡದೇನ?"

"ಗಿರಣಿ ನಿಂತ ಜಾಗಾ ಬಿಟ್ಟು ಓಡೂದಿಲ್ರಿ. ಇದು ಓಡತೈತಿ. ನೋಡ್ರಿ, ಬ್ರೇಕ್ ಬರೋಬ್ಬರಿ ಆಗ್ಲಿಲ್ಲಂದ್ರ ನಾ ಬಸ್ಸಿಗೆ ಹೊಕ್ಕೇನಿ. ಈ ಸಲಕ್ಕ ಅಷ್ಟ ಅಲ್ಲ, ಇನ್ನ ಮುಂದ ಯಾವಾಗ್ಲೂ ಬಸ್ಸ."

ಬಸ್ಸು! ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ಟೈರಿನ ಮೇಲೆ. ನಡುವೆ ನಲವತ್ತು ಜನ ಮತ್ತು ಒಬ್ಬ ಕಂಡಕ್ಟರು. ಆ ಮಾತು ನನ್ನ ಎದೆಗೆ ನಾಟಿತು. ಅದೇ ಕ್ಷಣ ನಟ್ಟು ಬಿಚ್ಚುವ ಪಾನಾ ಹುಡುಕಿದೆ.

ಮಾರ್ನವಮಿಯ ಖಂಡೆ ಪೂಜೆಗೆ, ಎಂದರೆ ಆಯುಧಪೂಜೆಗೆ, ಇನ್ನು ಎರಡು ದಿನ. ಓಣಿಯಲ್ಲಿ ಎಲ್ಲರೂ ಕಂಬಳಿ, ಕೌದಿ ಒಗೆಯುವ ಗದ್ದಲದಲ್ಲಿದ್ದರು. ನಾನು ಅಂಗಳದಲ್ಲಿ ಒಂದು ಗೋಣಿಚೀಲ ಹಾಸಿ, ಪಾನಾಗಳನ್ನು ಸಾಲಾಗಿ ಜೋಡಿಸಿ, ಸದರಿ ಬೈಕಿನ ಶಸ್ತ್ರಕ್ರಿಯೆಯನ್ನು ಆರಂಭಿಸಿದೆ. ಪಕ್ಕದ ಮನೆಯ ಗದಿಗೆಪ್ಪ ಬಂದು ಕಟ್ಟೆಯ ಮೇಲೆ ಕೂತ. ಅವನಿಗೆ ಯಾವ ಕೆಲಸವೂ ಬರುವುದಿಲ್ಲ, ಆದರೆ ಎಲ್ಲ ಕೆಲಸವನ್ನೂ ನೋಡಲು ಬರುತ್ತದೆ.

ಹಿಂದಿನ ಗಾಲಿ ಬಿಚ್ಚಿದೆ. ಒಳಗೆ ಎರಡು ಅರ್ಧಚಂದ್ರದ ಬ್ರೇಕ್ ಪಟ್ಟಿಗಳು. ಮುಟ್ಟಿ ನೋಡಿದೆ. ಒಣ ಒಣ. ಹೊಟ್ಟಿನಂಥ ಧೂಳು.

ರೋಗ ಸಿಕ್ಕಿತು!

ಆ ಒಣಪಟ್ಟಿ ನೋಡಿದಾಗ ನನಗೆ ಅಪ್ಪನ ನೆನಪಾಯಿತು. ಸುಗ್ಗಿಯ ದಿನಗಳಲ್ಲಿ ನಸುಕಿಗೆ ಎದ್ದು ಚಕ್ಕಡಿಯ ಗಾಲಿ ಕಳಚಿ, ಔಡಲೆಣ್ಣೆಗೆ, ಎಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಬೂದಿ ಕಲಸಿ, ಅಚ್ಚಿಗೆ ಹಚ್ಚುತ್ತಿದ್ದ. ನಾನು ಎಣ್ಣೆಯ ಬಿದಿರುಗೊಟ್ಟ ಹಿಡಿದು ನಿಲ್ಲುತ್ತಿದ್ದೆ. ಅವನ ಬೆರಳು ಅಚ್ಚಿನ ಸುತ್ತ ತಿರುಗುವ ರೀತಿ, ಆ ಕರಿ ಎಣ್ಣೆಯ ವಾಸನೆ, ಎತ್ತುಗಳು ಕೊರಳ ಗಂಟೆ ಅಲುಗಿಸುವ ಸದ್ದು. "ಚಕ್ಕಡಿ ಒದರಾಕತ್ತೈತಿ ಅಂದ್ರ ಅದಕ್ಕ ನೀರಡಿಕಿ ಆಗೇತಿ ಅಂತ ತಿಳಕೋಪಾ" ಎನ್ನುತ್ತಿದ್ದ. ಎಣ್ಣೆ ಹಚ್ಚಿದ ಚಕ್ಕಡಿ ಹತ್ತಿ ಕೂತರೆ ದಾರಿಯುದ್ದಕ್ಕೂ ಗಾಲಿಯ ಸದ್ದೇ ಇಲ್ಲ. ಬರೀ ಗಂಟೆ. ಶಾಲೆ ಬಿಟ್ಟ ನನಗೆ ಅದೇ ಶಾಲೆ.

ಹಾಗಾದರೆ ಇನ್ನೇನು? ನೇರ ಅಡಿಗೆಮನೆಗೆ ಹೋಗಿ ಔಡಲೆಣ್ಣೆಯ ಬಾಟಲಿ ತಂದೆ.

"ಸಾಹುಕಾರ್ರ, ಬ್ರೇಕಿಗೆ ಎಣ್ಣಿ ಹಚ್ಚತಾರೇನ್ರಿ?" ಗದಿಗೆಪ್ಪ ಕೇಳಿದ.

"ನೀ ಚಕ್ಕಡಿ ಹೊಡದೀಯೇನು?"

"ಇಲ್ರಿ."

"ಎತ್ತು ಕಟ್ಟೀಯೇನು?"

"ಅದೂ ಇಲ್ರಿ."

"ಹಂಗಾರ ಸುಮ್ನ ಕುಂದ್ರು."

ಸುಮ್ಮನೆ ಕೂತ. ಅವನ ಜೀವನದಲ್ಲಿ ಅವನು ಕೇಳಿದ ಒಂದೇ ಒಂದು ಬುದ್ಧಿವಂತಿಕೆಯ ಪ್ರಶ್ನೆಯನ್ನು ನಾನು ಹೀಗೆ ಕೊಂದೆ!

ಪಟ್ಟಿಗಳಿಗೆ ಎಳೆಗೂಸಿಗೆ ಹಚ್ಚಿದಂತೆ ಎಣ್ಣೆ ಹಚ್ಚಿದೆ. ಮೊದಲ ಸಲದ್ದನ್ನು ಪಟ್ಟಿಗಳು ಹೀರಿಕೊಂಡವು. ಪಾಪ, ಎಷ್ಟು ನೀರಡಿಸಿದ್ದವೋ ಎಂದು ಇನ್ನೊಂದು ಸಲ ಹಚ್ಚಿದೆ. ಗಾಲಿಯ ಒಳಬಟ್ಟಲಿಗೂ ಎರಡು ಚಮಚ ಬಿಟ್ಟೆ. ಎಲ್ಲವನ್ನೂ ಜೋಡಿಸಿ, ಕೈ ಒರೆಸಿಕೊಂಡು, ಪರೀಕ್ಷೆಗೆ ಹೊರಟೆ.

ಈ ಪರೀಕ್ಷೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಓಣಿ ಮೇಲೇರುತ್ತದೆ. ನಾನು ಏರಿನಲ್ಲಿ ಹೋದೆ, ತುದಿಯಲ್ಲಿ ಬ್ರೇಕು ಒತ್ತಿದೆ, ಬೈಕು ಸದ್ದಿಲ್ಲದೆ ನಿಂತಿತು. ಏರಿನಲ್ಲಿ ಎಂಥ ಗಾಡಿಯೂ ತಾನಾಗಿಯೇ ನಿಲ್ಲುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಬರುವಾಗ ದಾರಿ ತುಂಬ ಒಗೆದ ಕಂಬಳಿಗಳು, ಸೋಪಿನ ನೀರು. ಮೊದಲ ಗೇರಿನಲ್ಲಿ ಎರಡೂ ಕಾಲು ನೆಲಕ್ಕೆ ಎಳೆಯುತ್ತ ಮನೆ ಸೇರಿದೆ.

"ಒದರ್ತೈತೇನು?" ಎಂದೆ ನೀಲವ್ವನಿಗೆ, ಮೀಸೆಯ ಮೇಲೆ ಕೈ ಇಟ್ಟು.

ಅವಳು ಸುತ್ತ ಒಮ್ಮೆ ನೋಡಿದಳು. ನಾಯಿಗಳೆಲ್ಲ ಮಲಗಿದ್ದವು. "ಇಲ್ಲ ಬಿಡ್ರಿ" ಎಂದಳು. ಆ ಎರಡು ಶಬ್ದಕ್ಕೆ ನನ್ನ ಎದೆ ಎರಡು ಇಂಚು ಉಬ್ಬಿತು.

ಖಂಡೆ ಪೂಜೆಯ ದಿನ ಬೈಕಿಗೆ ವಿಭೂತಿ, ಚೆಂಡುಹೂವು, ಕಬ್ಬು. ಬನ್ನಿ ಕೊಟ್ಟು ತೆಗೆದುಕೊಂಡು ನಾಲ್ಕನೇ ದಿನ ಬೆಳಿಗ್ಗೆ ನಾವು ಹಾನಗಲ್ಲಿಗೆ ಹೊರಟೆವು. ನೀಲವ್ವ ರೇಷ್ಮೆ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಕರ್ಚಿಕಾಯಿಯ ಡಬ್ಬಿ, ಕುಬಸದ ಹಸಿರು ಸೀರೆ, ಬಳೆ. ಮುಂದಿನ ಬ್ರೇಕಿನ ಹಿಡಿಕೆಗೆ ಸವಣೂರಿನ ವೀಳ್ಯದೆಲೆಯ ಚೀಲ. ಕುಬಸಕ್ಕೆ ಸವಣೂರಿನ ಎಲೆಯೇ ಬೇಕೆಂದು ಹಿಂದಿನ ದಿನ ನಾನೇ ಗೆಳೆಯನೊಬ್ಬನ ಕೈಯಲ್ಲಿ ತರಿಸಿದ್ದೆ.

ಅಗಸಿ ದಾಟಿದೆವು. ಮಾತು ಶುರುವಾಯಿತು.

"ಮೊನ್ನೆ ಕನಸಿನ್ಯಾಗ ನಿಮ್ಮ ಅಪ್ಪಾರು ಬಂದಿದ್ರು ನೋಡ್ರಿ."

"ಏನಂದ್ರು?"

"ಏನೂ ಅನ್ನಲಿಲ್ಲ. ನಿಮ್ಮನ್ನ ನೋಡಿ ನಕ್ಕರು."

ಯಾಕೆ ನಕ್ಕನೋ ಅಪ್ಪ! ಮುಂದಿನ ಊರಿನ ರೋಡ್ ಹಂಪಿಗೆ ಬ್ರೇಕು ಒತ್ತಿದೆ. ಸ್ವಲ್ಪ ಮೆತ್ತಗಾಗಿದೆ ಎನ್ನಿಸಿತು. ಎಣ್ಣೆ ಕುಡಿದದ್ದು ಮೆತ್ತಗಾಗದೆ ಗಟ್ಟಿಯಾದೀತೇ ಎಂದು ಸಂತೋಷಪಟ್ಟೆ. ಬೈಕು ಹಂಪನ್ನು ಹಾರಿತು. ಹಿಂದೆ ಕರ್ಚಿಕಾಯಿಗಳು ಡಬ್ಬಿಯೊಳಗೆ ಗಲಗಲ ಅಂದವು.

"ಹಂಪ್ ಕಾಣಲಿಲ್ಲೇನ್ರಿ?"

"ಕಂಡಿತ್ತು. ಅದಕ್ಕ ನಾ ಕಾಣಲಿಲ್ಲ" ಎಂದೆ. ನಕ್ಕಳು. ಕಡೆಯ ನಗು ಅದು.

ದುಂಡಸಿ ಇನ್ನೇನು ಬಂತು ಎನ್ನುವಲ್ಲಿ ರಸ್ತೆ ಇಳಿಜಾರಾಯಿತು. ಇಳಿಜಾರಿನ ಕೆಳಗೆ, ರಸ್ತೆಯ ಎಡಭಾಗಕ್ಕೆ ಉದ್ದಕ್ಕೂ ಗೋವಿನಜೋಳ ಹರವಿದ್ದರು. ಈ ದಿನಗಳಲ್ಲಿ ನಮ್ಮ ಕಡೆ ಡಾಂಬರು ರಸ್ತೆ ಎಂದರೆ ಸರಕಾರ ಮಾಡಿಕೊಟ್ಟ ಕಣ. ಬಲಭಾಗದಲ್ಲಿ ಎದುರಿನಿಂದ ಒಂದು ಟ್ರ್ಯಾಕ್ಟರು ಬರುತ್ತಿತ್ತು. ನಿಂತು, ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಆಮೇಲೆ ಹೋದರಾಯಿತು ಎಂದು ಬ್ರೇಕು ಒತ್ತಿದೆ.

ಬೈಕು ಒದರಲಿಲ್ಲ.

ನಿಲ್ಲಲೂ ಇಲ್ಲ!

ಇನ್ನಷ್ಟು ಒತ್ತಿದೆ. ಪೆಡಲು ಕೆಳಗೆ ಹೋಯಿತು. ಬೈಕು ಮುಂದೆ ಹೋಯಿತು.

"ಯಾಕ್ರಿ ಇಷ್ಟು ಜೋರ ಹೊಂಟೀರಿ?"

"ನಾ ಹೊಂಟಿಲ್ಲ. ಗಾಡಿ ಹೊಂಟೈತಿ!"

"ಬ್ರೇಕ್ ಹಿಡೀರಿ!"

"ಹಿಡದೇನಿ!"

"ಹಂಗಾರ ಇನ್ನೊಂದು ಹಿಡೀರಿ!"

ಇನ್ನೊಂದು! ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಮಾಸ್ತರರ ಆಜ್ಞೆಯನ್ನು ಮೀರಿ ಬಲಗೈ ಹಿಡಿಕೆಯನ್ನು ಹಿಡಿದೆ. ಅದು ಯಾವ ತಕರಾರೂ ಇಲ್ಲದೆ ಬಂದು ಹ್ಯಾಂಡಲಿಗೆ ತಾಗಿತು. ಕೇಬಲ್ಲೇ ಇಲ್ಲದ ಮೇಲೆ ತಕರಾರು ಎಲ್ಲಿಯದು! ಎಲೆಯ ಚೀಲ ಮಾತ್ರ ಜಾರಿ ಕೆಳಗೆ ಬಿತ್ತು.

ಆ ಹೊತ್ತಿನಲ್ಲಿ ಗೇರು ಇಳಿಸಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ನನ್ನ ಬಾಯಿಂದ ಬಂದದ್ದು ಬೇರೆ. ಹ್ಯಾಂಡಲನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡು, ಬೆನ್ನು ಹಿಂದಕ್ಕೆ ಮಾಡಿ, ಕೂಗಿದೆ:

"ಹೋ...! ಹೋ...! ಹೋ ಹೋ ಹೋ!"

ಎತ್ತುಗಳಾಗಿದ್ದರೆ ನಿಲ್ಲುತ್ತಿದ್ದವು. ಬೈಕು ಗೋವಿನಜೋಳಕ್ಕೆ ಹೊಕ್ಕಿತು. ಕಾಳಿನಲ್ಲಿ ಉಳುತ್ತ, ಎರಡೂ ಕಡೆ ಹಳದಿ ಕಾರಂಜಿ ಚಿಮ್ಮಿಸುತ್ತ, ನಿಧಾನವಾಗುತ್ತ ಹೋಗಿ, ಕೊನೆಯಲ್ಲಿ ಒಟ್ಟಿದ್ದ ದೊಡ್ಡ ರಾಶಿಗೆ ಮೂಗು ಹುದುಗಿಸಿ ನಿಂತಿತು. ಬಹಳ ಮರ್ಯಾದೆಯಿಂದ ಎಡಕ್ಕೆ ಮಲಗಿತು. ನಾನು ಕಾಳಿನಲ್ಲಿ ಮೊಣಕಾಲತನಕ ಹುಗಿದಿದ್ದೆ. ನೀಲವ್ವ ರಾಶಿಯ ಮೇಲೆ, ಡಬ್ಬಿಯನ್ನು ಎದೆಗವಚಿಕೊಂಡು, ತುಲಾಭಾರಕ್ಕೆ ಕೂತವಳಂತೆ ಕೂತಿದ್ದಳು. ಇಬ್ಬರಿಗೂ ಒಂದು ತರಚು ಗಾಯವೂ ಇಲ್ಲ!

ಟ್ರ್ಯಾಕ್ಟರಿನವನು ಎಲ್ಲವನ್ನೂ ನೋಡಿ, ಗಾಡಿಯನ್ನು ಬದಿಗೆ ನಿಲ್ಲಿಸಿದ. ಅಷ್ಟರಲ್ಲಿ ಬೇವಿನ ಗಿಡದ ಕೆಳಗಿನಿಂದ ಒಬ್ಬ ಹೆಣ್ಣುಮಗಳು ಕಸಬರಿಗೆ ಹಿಡಿದು ಬಂದಳು. ಅರವತ್ತು ದಾಟಿದವಳು. ಕಾಳು ಅವಳದು. ಹೆಸರು ಫಕೀರವ್ವ ಎಂದು ಆಮೇಲೆ ತಿಳಿಯಿತು.

"ಏ ಯಪ್ಪಾ! ಹೋ ಹೋ ಅಂದದ್ದು ಕೇಳಿ ಎತ್ತು ಬೆದರ್ಯಾವು ಅಂತ ಎದ್ದು ಬಂದೆ. ನೋಡಿದ್ರ ಎತ್ತ ಇಲ್ಲ! ಮೋಟರ್ ಸೈಕಲ್ಲಿಗೆ ಹೋ ಹೋ ಅಂತಾರೇನೋ?"

"ಬ್ರೇಕ್ ಹತ್ತಲಿಲ್ಲವ್ವಾ" ಎಂದೆ.

"ಬ್ರೇಕ್ ಹತ್ತದಿದ್ರ ನನ್ನ ಗೋವಿನಜೋಳ ಸಿಕ್ಕಿತೇನು ನಿನಗ? ಮೂರು ದಿನದಿಂದ ಒಣಗಸೇನಿ." ಆಮೇಲೆ ನೀಲವ್ವನ ಕಡೆ ತಿರುಗಿ ದನಿಯೇ ಬದಲಾಯಿತು. "ಪೆಟ್ಟಾತೇನವಾ? ಇಳಿ, ಇಳಿ, ನೀರು ಕುಡಿ. ಇಂಥಾವರ ಹಿಂದ ಯಾಕ ಕುಂದರ್ತಿ?"

ನೀಲವ್ವ ಇಳಿದಳು. ನೀರು ಕುಡಿದಳು. ಸೀರೆಯ ನಿರಿಗೆಯಿಂದ ಕಾಳು ಜಾಡಿಸಿದಳು. ಬಯ್ಯುತ್ತಾಳೆ ಎಂದು ನಾನು ಕಾದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಅದಕ್ಕ ಏನ್ ಮಾಡಿದ್ರಿ? ಖರೇ ಹೇಳ್ರಿ" ಎಂದಳು ಮೆಲ್ಲಗೆ.

"ಎಣ್ಣಿ ಹಚ್ಚಿದ್ದೆ."

"ಯಾವ ಎಣ್ಣಿ?"

"ಔಡಲೆಣ್ಣಿ."

ಫಕೀರವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ನೀಲವ್ವ ನಗಲಿಲ್ಲ. "ನನಗ ಏನೂ ಆಗಿಲ್ಲ. ಆದ್ರ ನಾ ಇನ್ನ ನಿಮ್ಮ ಹಿಂದ ಕುಂದ್ರಂಗಿಲ್ಲ" ಎಂದಳು. ಹತ್ತು ನಿಮಿಷದಲ್ಲಿ ಹಾನಗಲ್ಲಿನ ಬಸ್ಸು ಬಂತು. ಡಬ್ಬಿ, ಸೀರೆ, ಬಳೆ ಹಿಡಿದು ಹತ್ತಿದಳು. ಹಿಂದೆ ನೋಡಲಿಲ್ಲ.

"ನೀ ಎಲ್ಲಿ ಹೊಂಟಿ?" ಫಕೀರವ್ವ ನನಗೆ ಕೇಳಿದಳು.

"ಬಸ್ಸಿಗೆ..."

"ಕಾಳು ಯಾರ ಹರವಬೇಕು?" ಎಂದು ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟಳು.

ಕುಬಸಕ್ಕೆಂದು ಹಾಕಿಕೊಂಡ ಬಿಳಿಯ ಅಂಗಿ, ಬಿಳಿಯ ಧೋತರದಲ್ಲಿ ನಾನು ಎರಡು ತಾಸು ಗೋವಿನಜೋಳ ಬಳಿದು, ಎಣ್ಣೆ ತಾಗಿದ ಕಾಳನ್ನು ಆರಿಸಿ ತೆಗೆದು, ಉಳಿದದ್ದನ್ನು ಮತ್ತೆ ಹರವಿದೆ. ಹೋಗುವ ಬರುವ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು. ಫಕೀರವ್ವ ನೆರಳಲ್ಲಿ ಕೂತು, ಬಿದ್ದಿದ್ದ ಚೀಲದಿಂದ ಒಂದು ಎಲೆ ತೆಗೆದು, ಒರೆಸಿ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಳು.

"ಎಲಿ ಭಾಳ ಚಲೋ ಅದಾವು. ಗಾಡಿ ಹೊಡಿಯೂದು ಬಿಟ್ಟು ಎಲಿ ಮಾರು" ಎಂದಳು.

ಅದೇ ಟ್ರ್ಯಾಕ್ಟರು ಅಲ್ಲೇ ಹತ್ತಿರ ಕಾಳು ಇಳಿಸಿ ಶಿಗ್ಗಾವಿಗೆ ಹೊರಟಿತು. ನನ್ನ ಬೈಕನ್ನು ಅದರ ಟ್ರೇಲರಿಗೆ ಏರಿಸಿದರು. ನಾನು ಪಕ್ಕದಲ್ಲಿ ನಿಂತು, ರೋಗಿಯನ್ನು ಹಿಡಿದವನಂತೆ ಅದರ ಹ್ಯಾಂಡಲು ಹಿಡಿದುಕೊಂಡೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಮೆಕ್ಯಾನಿಕ್ಕಿನ ಬಾಗಿಲಿಗೆ ಹೊರಟಿದ್ದೆ, ಅದೂ ಮೆರವಣಿಗೆಯಲ್ಲಿ!

ಶಿಗ್ಗಾವಿಯ ಮೆಕ್ಯಾನಿಕ್ ದಾದಾಪೀರ. ನನ್ನ ವಯಸ್ಸಿನವನೇ. ಮಾತು ಕಡಿಮೆ. ಗಾಲಿ ಬಿಚ್ಚಿದ, ಪಟ್ಟಿ ತೆಗೆದ, ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. ಮತ್ತೊಮ್ಮೆ ಮೂಸಿದ.

"ಔಡಲೆಣ್ಣಿ ಏನ್ರಿ?"

"ಹೂಂ."

"ಗಾಡಿಗೆ ಹೊಟ್ಟಿ ಕಟ್ಟಿತ್ತೇನ್ರಿ?"

ಅಂಗಡಿಯಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು. ನಾನು ಮುಖ ಗಂಭೀರ ಮಾಡಿಕೊಂಡು ಅಪ್ಪನ ಚಕ್ಕಡಿ, ಅಚ್ಚು, ನೀರಡಿಕೆ, ಎಲ್ಲವನ್ನೂ ವಿವರಿಸಿದೆ. ದಾದಾಪೀರ ಪೂರ್ತಿ ಕೇಳಿದ. ನಕ್ಕವರನ್ನು ಸುಮ್ಮನಿರಿಸಿದ.

"ಅಪ್ಪಾರು ಹೇಳಿದ್ದು ಖರೇನ ಐತ್ರಿ. ಅಚ್ಚು ತಿರಗೂ ಜಾಗಾ, ಅಲ್ಲಿ ಎಣ್ಣಿ ಬೇಕು. ಇದು ಹಿಡಿಯೂ ಜಾಗಾ. ನೀವು ಗಿರಣಿಯವರಲ್ರೀ, ಒಂದು ಹೇಳ್ರಿ. ನಿಮ್ಮ ಗಿರಣಿ ಬೆಲ್ಟ್ ಜಾರಾಕತ್ರ ಏನ್ ಹಚ್ಚತೀರಿ?"

"ರಾಳ" ಎಂದೆ.

"ಎಣ್ಣಿ ಯಾಕ ಹಚ್ಚೂದಿಲ್ಲ?"

"ಎಣ್ಣಿ ಹಚ್ಚಿದ್ರ ಬೆಲ್ಟ್ ಹಿಡಿಯೂದ..."

ಅಲ್ಲಿಗೆ ನಿಲ್ಲಿಸಿದೆ. ಬೆಲ್ಟಿಗೆ ಎಣ್ಣೆಯ ಕೈ ತಾಗಿಸಿದರೆಂದು ನಾನು ಎಷ್ಟು ಜನರನ್ನು ಗಿರಣಿಯಿಂದ ಓಡಿಸಿದ್ದೇನೋ! ನಾನು ತಪ್ಪಿದ್ದು ಓದು ಬರದೆ ಅಲ್ಲ. ನನಗೆ ಗೊತ್ತಿದ್ದುದರಲ್ಲೇ ತಪ್ಪಿದ್ದೆ. ಆ 'ಶಾಲೆ ಬಿಟ್ಟವ' ಎಂಬ ನೆಪವೂ ನನಗೆ ಉಳಿಯಲಿಲ್ಲ.

"ಕೀ ಅಂತ ಒದರಿದ್ದಕ್ಕ ಧೂಳು ಕಾರಣ. ಪಟ್ಟಿನೂ ಸವದಾವು" ಎಂದ ದಾದಾಪೀರ. ಆಮೇಲೆ ಮುಂದಿನ ಗಾಲಿ ನೋಡಿದ. ಹಿಡಿಕೆ ಒತ್ತಿದ. ಇಣುಕಿದ. "ಈ ಕೇಬಲ್ ಎಲ್ಲೈತ್ರಿ?"

"ಅಟ್ಟದ ಮ್ಯಾಲ."

ಮಾಸ್ತರರ ಕಥೆಯನ್ನೂ ಹೇಳಿದೆ. ದಾದಾಪೀರ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದ. "ಸಾಹುಕಾರ್ರ, ಗಾಡಿ ನಿಲ್ಲಸೂದು ಹೆಚ್ಚಿನ ಪಾಲು ಮುಂದಿನ ಬ್ರೇಕ್. ಎರಡೂ ಕೂಡಿ, ಮೆಲ್ಲಕ ಹಿಡೀಬೇಕು. ಇಷ್ಟು ವರ್ಷ ನೀವು ಅರ್ಧ ಬ್ರೇಕ್‌ನ್ಯಾಗ ಓಡಾಡೀರಿ. ಅದೂ ಹೆಂಡ್ತಿ ಮಕ್ಕಳನ್ನ ಕೂಡಿಸಿಕೊಂಡು."

ಶಾಲೆ ಬಿಟ್ಟ ಮೇಲೆ ಮಾಸ್ತರರೊಬ್ಬರು ಹೇಳಿದ ಒಂದೇ ಒಂದು ಪಾಠವನ್ನು ನಾನು ಜೀವನಪರ್ಯಂತ ಪಾಲಿಸಿದ್ದೆ. ಅದೇ ತಪ್ಪಿತ್ತು!

ಆದರೆ ನನಗೆ ನಗು ಬರಲಿಲ್ಲ. ಆ ಎಲ್ಲ ದಾರಿಗಳು ಕಣ್ಣ ಮುಂದೆ ಬಂದವು. ಸವಣೂರಿನ ದಾರಿ, ಮಡಿಲಲ್ಲಿ ಮೂರು ತಿಂಗಳ ಮಗಳು. ಹಾನಗಲ್ಲಿನ ದಾರಿ, ನಡುವೆ ಕೂತು ನಿದ್ದೆಗೆ ಜಾರುವ ಮಗ, ಅವನನ್ನು ನಮ್ಮಿಬ್ಬರ ನಡುವೆ ಒತ್ತಿ ಹಿಡಿದ ಅವಳ ಕೈ. ಅವಳು ಕಣ್ಣು ಮುಚ್ಚಿ ನನ್ನ ಬೆನ್ನಿಗೆ ಒರಗುತ್ತಿದ್ದಳು. ನಾನು ಎಲ್ಲ ಗೊತ್ತಿರುವವನೆಂದು.

ದಾದಾಪೀರ ಹಿಂದೆ ಮುಂದೆ ಹೊಸ ಪಟ್ಟಿ, ಹೊಸ ಕೇಬಲ್ ಹಾಕಿದ. ಒಳಬಟ್ಟಲನ್ನು ಸಾಬೂನಿನಿಂದ ತೊಳೆದು ಒಣಗಿಸಿದ. "ಹತ್ತೂಕಿಂತ ಮೊದ್ಲ ಒಂದೊಂದ ಬ್ರೇಕ್ ಹಿಡದು ಗಾಡಿ ನೂಕಿ ನೋಡ್ರಿ. ಗಾಲಿ ತಿರಗಬಾರದು. ಉಳಿದದ್ದಕ್ಕ ಮೂರು ತಿಂಗಳಿಗೊಮ್ಮೆ ಇಲ್ಲಿ ಬರ್ರಿ" ಎಂದ. ಇಳಿಜಾರಿನಲ್ಲಿ ಓಡಿಸಿ ನೋಡಿದೆ. ಕಟ್ಟಿಹಾಕಿದಂತೆ ನಿಂತಿತು. ನಾನು ಮುಂದಕ್ಕೂ ಹಾರಲಿಲ್ಲ.

ಆದರೆ ಸೀಟು ಖಾಲಿ.

ಒಂದು ತಿಂಗಳು ನೀಲವ್ವ ಎಲ್ಲಿಗೆ ಹೋದರೂ ಬಸ್ಸಿಗೆ ಹೋದಳು. ಮನೆಯಲ್ಲಿ ಉಪ್ಪು, ಹಿಟ್ಟು, ಎಮ್ಮೆ. ನಾನೊಬ್ಬನೇ ಬೈಕಿನಲ್ಲಿ ಹೋಗುವಾಗ ಅಗಸಿ ದಾಟಿದೊಡನೆ ರೂಢಿಯಂತೆ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಿದ್ದೆ. ಗಾಳಿ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಒಂದು ದಿನ "ಎರಡೂ ಬ್ರೇಕ್ ಹೊಸಾವು" ಎಂದೆ. "ಆಗಲಿ" ಎಂದಳು. ಇನ್ನೊಂದು ದಿನ ಅಂಗಳದಲ್ಲಿ ಬೈಕು ನೂಕಿ ತೋರಿಸಿದೆ. "ಚಲೋ ಆತು" ಎಂದು ಒಳಗೆ ಹೋದಳು. ಗದಿಗೆಪ್ಪನನ್ನು ಸಾಕ್ಷಿಗೆ ಕರೆದೆ. "ಮೊದ್ಲು ನೀ ಅವರ ಹಿಂದ ಕುಂತು ಬಾ" ಎಂದಳು ಅವನಿಗೆ. ಅವನಿಗೆ ತಕ್ಷಣ ಹೊಲದಲ್ಲಿ ಕೆಲಸ ನೆನಪಾಯಿತು!

ದೀಪಾವಳಿ ಕಳೆದ ಮೇಲೆ ಹಿರೇಕೆರೂರಿಗೆ ಹೋಗಬೇಕಾಯಿತು. ಮಗಳನ್ನು ಕೊಟ್ಟದ್ದು ಅಲ್ಲಿಗೇ. ನೀಲವ್ವ ಬೆಳಿಗ್ಗೆಯೇ ಚೀಲ ಕಟ್ಟಿದಳು. ಬಸ್ಸಿಗೇ ಹೊರಟಳು ಎಂದು ನಾನು ಬೈಕನ್ನು ಸುಮ್ಮನೆ ಒರೆಸುತ್ತ ನಿಂತಿದ್ದೆ. ಅವಳು ಬಾಗಿಲಲ್ಲಿ ನಿಂತು ನನ್ನ ಮೊಬೈಲ್ ಕೇಳಿದಳು.

"ಶಿಗ್ಗಾವಿ ದಾದಾಪೀರಣ್ಣಗ ಹಚ್ಚಿ ಕೊಡ್ರಿ."

ಹಚ್ಚಿಕೊಟ್ಟೆ.

"ಅಣ್ಣಾರ, ನಾನು ಹಿರೇಬೆಂಡಿಗೇರಿ ಗಿರಣಿಯವರ ಮನ್ಯಾಗಿನಾಕಿ. ಗಾಡಿ ಬ್ರೇಕ್ ನೀವ ಮಾಡೀರೇನ್ರಿ? ... ಎರಡೂ? ... ಒಂದು ಮಾತು ಖರೇ ಹೇಳ್ರಿ. ನಮ್ಮವರು ನಡುವ ಕೈ ಹಾಕ್ಯಾರೇನು? ... ಪಾನಾ ಏನರ ಹಿಡದಿದ್ರೇನು? ... ದೂರ ಕುಂತಿದ್ರಾ? ... ಹಾಂ, ಚಲೋ ಆತ್ರಿ."

ಮೊಬೈಲ್ ನನ್ನ ಕೈಗೆ ಕೊಟ್ಟಳು. ಬಂದು ಹಿಂದೆ ಕೂತಳು.

"ನಡೀರಿ" ಎಂದಳು.

ಹೀಗೆ, ನಾನು ಮುಟ್ಟಿಲ್ಲ ಎಂಬ ಖಾತ್ರಿಯಾದ ಮೇಲೆ, ನನ್ನ ಹೆಂಡತಿ ನನ್ನ ಬೈಕು ಹತ್ತಿದಳು! ಅಗಸಿ ದಾಟಿದೆವು. ನಾನು ಮೂವತ್ತಕ್ಕೆ ಇಳಿಸಿದೆ. ರೂಢಿಯಂತೆ ತಲೆಯನ್ನು ಎಡಕ್ಕೆ ವಾಲಿಸಿದೆ. ಆಮೇಲೆ ಹಿಂದಿನಿಂದ, "ಕುಬಸದಾಗ ಏನಾತು ಅಂತ ನಿಮಗ ಹೇಳಾಕ ಆಗಿಲ್ಲ ನೋಡ್ರಿ, ಒಂದು ತಿಂಗಳಾತು..." ಹಿರೇಕೆರೂರು ಬರುವವರೆಗೂ ಮುಗಿಯಲಿಲ್ಲ. ನಾನು ಹೂಂ ಅನ್ನುತ್ತ, ಎರಡೂ ಬ್ರೇಕಿನ ಮೇಲೆ ಬೆರಳು ಕಾಲು ಇಟ್ಟುಕೊಂಡು, ಜಗತ್ತಿನಲ್ಲೇ ಅತ್ಯಂತ ನಿಧಾನವಾಗಿ ಓಡಿಸಿದೆ.

ಈಗ ನನ್ನ ಬಳಿ ಇರುವುದು ಇಷ್ಟು: ಮೂರು ಎಕರೆ ಹೊಲ, ಒಂದು ಗಿರಣಿ, ಎರಡು ಎಮ್ಮೆ, ಇಬ್ಬರು ಮಕ್ಕಳು, ಒಬ್ಬಳು ಹೆಂಡತಿ, ಒಂದು ಬೈಕು, ಎರಡು ಬ್ರೇಕು. ಇವುಗಳಲ್ಲಿ ನನಗೆ ಪಾನಾ ಹಚ್ಚಲು ಪರವಾನಗಿ ಇರುವುದು ಒಂದಕ್ಕೆ. ಗಿರಣಿಗೆ.